ಹಲ್ಲಿನ ಡಾಕ್ಟರು ಒರೆಸಿದ ಕೆಂಪು ಚುಕ್ಕೆ

ಹಲ್ಲಿನ ಡಾಕ್ಟರಿಗೆ ಮೂವತ್ತು ವರ್ಷದಿಂದ ಒಂದು ಚಟ. ಕುರ್ಚಿಯಲ್ಲಿ ಮಲಗಿದವರ ಬಾಯಿಗೆ ಹತ್ತಿ, ಕನ್ನಡಿ, ಕೊಳವೆ ಎಲ್ಲ ತುರುಕಿದ ಮೇಲೆಯೇ ಅವರನ್ನು ಮಾತಿಗೆಳೆಯುವುದು. “ಮಗ ಏನ್ ಓದ್ತಿದಾನೆ? ಈ ಸಲ ಸೆಕೆ ಜಾಸ್ತಿ ಅಲ್ವಾ?” ಎನ್ನುವರು. ಆ ಕಡೆಯಿಂದ “ಆಂ... ಊಂ...” ಎಂದಷ್ಟೇ ಬರುವುದು. ಅದನ್ನೇ ಒಪ್ಪಿಗೆ ಎಂದುಕೊಂಡು ಇವರು ಮುಂದುವರಿಯುವರು. ಹೀಗೆ ಮೂವತ್ತು ವರ್ಷ ಎದುರುತ್ತರ ಕೊಡದ ಬಾಯಿಗಳ ನಡುವೆ ಬದುಕಿದ್ದರಿಂದ, ಬಾಯಿ ಖಾಲಿ ಇರುವವರೂ ಲೋಕದಲ್ಲಿದ್ದಾರೆ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಅಲ್ಲಿ ಬಾಯಿ ಹೆಂಡತಿಯದು, ಹಲ್ಲು ಕಚ್ಚಿಕೊಂಡಿರುವ ಕೆಲಸ ಇವರದು.

ಇಂಥ ಡಾಕ್ಟರು ಐವತ್ತಾರನೇ ವಯಸ್ಸಿನಲ್ಲಿ ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡರು. ಎರಡು ಬಾಗಿಲು, ಎರಡು ಸೀಟು, ಮಡಚಿಡುವ ಬಟ್ಟೆಯ ಚಾವಣಿ, ನೆಲ ಮೂಸಿಕೊಂಡು ಓಡುವ ಮೈಕಟ್ಟು.

“ಇದ್ರೊಳಗೆ ಇಳಿಯೋದು ಸುಲಭ ಕಣ್ರೀ,” ಎಂದಳು ಹೆಂಡತಿ ಫೋಟೋ ನೋಡಿ. “ಎಬ್ಬಿಸೋಕೆ ಯಾರನ್ನ ಕರೀತೀರಾ, ಹೇಳಿ.”

ಮಾರಿದವರು ಆಸ್ಪತ್ರೆಯ ನಿವೃತ್ತ ನರ್ಸು. ಇಪ್ಪತ್ತೆಂಟು ವರ್ಷ ಆ ಕಾರನ್ನು ಓಡಿಸಿದವರು. ಊರಿನ ಹಳೇ ಕಾರುಗಳ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿರಿಯರು. ವಾರ್ಡಿನ ರೂಢಿಯಂತೆ ಕ್ಲಬ್ಬಿನವರಿಗೂ ಅವರು ‘ಸಿಸ್ಟರ್’. ವರ್ಷಕ್ಕೊಮ್ಮೆ ಕ್ಲಬ್ಬಿನ ಕಾರುಗಳೆಲ್ಲ ಸಾಲಾಗಿ ಬೆಟ್ಟ ಹತ್ತುವ ದಿನ ಸಿಸ್ಟರ್ ರಸ್ತೆ ಮಧ್ಯೆ ನಿಂತು ಬಿಳಿ ಕರ್ಚೀಫು ಬೀಸಬೇಕು. ಆ ಕರ್ಚೀಫು ಬೀಸದೆ ಒಂದು ಗಾಲಿಯೂ ಉರುಳಬಾರದು. ಕ್ಲಬ್ಬಿಗೆ ಇದ್ದ ಕಾನೂನು ಅದೊಂದೇ. ಎಡ ಮಂಡಿ ಕ್ಲಚ್ ತುಳಿಯಲು ಒಲ್ಲೆ ಎಂದಿದ್ದಕ್ಕೆ ಕಾರು ಮಾರಿದರೇ ಹೊರತು ಕರ್ಚೀಫನ್ನಲ್ಲ.

ಬೀಗದ ಕೈ ಕೊಡುವ ದಿನ ಸಿಸ್ಟರ್ ಹೇಳಿದರು: “ಡಾಕ್ಟ್ರೇ, ಒಂದರ್ಧ ಗಂಟೆ ಕೂತ್ಕೊಳ್ಳಿ. ಇವಳ ಗುಣ ಸ್ವಲ್ಪ ಹೇಳ್ಬೇಕು.”

“ಅಯ್ಯೋ, ಮ್ಯಾನ್ಯುಯಲ್ ಇದೆಯಲ್ಲಮ್ಮಾ, ಓದ್ಕೊಳ್ತೀನಿ.”

“ಮ್ಯಾನ್ಯುಯಲ್ ಬರೆದೋರು ಇವಳನ್ನ ನೋಡಿಲ್ಲ.”

ಡಾಕ್ಟರು ನಕ್ಕರು. ಫೋನು ತೆಗೆದರು. ಚಿಕಿತ್ಸೆಗೆ ಮುಂಚೆ ಒಂದು, ಆಮೇಲೆ ಒಂದು ಫೋಟೋ ತೆಗೆದು ಗೋಡೆಗೆ ಹಾಕುವುದು ಅವರ ಕ್ಲಿನಿಕ್ಕಿನ ಪದ್ಧತಿ. ಅದೇ ಪದ್ಧತಿಯಲ್ಲಿ ಬಂಪರು, ಸೀಟು, ಸ್ಟೀರಿಂಗು, ಮೀಟರುಗಳು ಎಂದು ಒಂದೊಂದರ ಫೋಟೋ ಹೊಡೆಯುತ್ತ ಹೋದರು. ಸಿಸ್ಟರ್ ಕಿಟಕಿಯಿಂದ ಕೈ ತೂರಿಸಿ ಏನೋ ವಿವರಿಸುತ್ತಿದ್ದರು. ಡಾಕ್ಟರು ಫೋನಿನಿಂದ ಕಣ್ಣೆತ್ತದೆ “ಆಂ... ಊಂ...” ಎನ್ನುತ್ತಿದ್ದರು. ಹೊರಡುವಾಗ ಸಿಸ್ಟರ್ ಬಾನೆಟ್ ಮೇಲೆ ಅಂಗೈ ಇಟ್ಟು, ಮಗುವಿನ ಹಣೆಯ ಜ್ವರ ನೋಡುವವರಂತೆ ಒಂದು ಗಳಿಗೆ ನಿಂತರು. ಡಾಕ್ಟರಿಗೆ ಅದೂ ಕಾಣಲಿಲ್ಲ. ಕನ್ನಡಿಯಲ್ಲಿ ತಮ್ಮದೇ ಮುಖ ಕಾಣುತ್ತಿತ್ತು.

ಮೂರು ತಿಂಗಳು ಕ್ಲಿನಿಕ್ಕಿನ ಹಿಂದಿನ ಶೆಡ್ಡಿನಲ್ಲಿ ಕಾರಿನ ಸೇವೆ ನಡೆಯಿತು. ಮುಂದಿನ ಜಾಲರಿ ಡಾಕ್ಟರ ಕಣ್ಣಿಗೆ ದವಡೆಯಂತೆಯೇ ಕಂಡಿತು. ಹಲ್ಲಿನ ಸಂದಿಯ ಕಿಟ್ಟ ಕೆರೆಯುವ ಕೊಕ್ಕೆಯಿಂದ ಅದರ ಸಂದಿಸಂದಿಯ ಕೊಳೆ ಕೆರೆದರು. ಕ್ರೋಮಿಗೆ ಹಲ್ಲು ಹೊಳೆಸುವ ಪೇಸ್ಟು ತಿಕ್ಕಿದರು. ಸೀಟಿನ ಬಿರುಕಿಗೆ ಹೊಸ ತೊಗಲು, ಚಾವಣಿಗೆ ಹೊಸ ಬಟ್ಟೆ, ಮೈಗೆ ಹೊಸ ಬಣ್ಣ ಹಾಕಿಸಿದರು. ಕೈ ಹಾಕದೆ ಬಿಟ್ಟಿದ್ದು ಎಂಜಿನ್ನು ಒಂದೇ. ಅದು ಹೇಗಿದ್ದರೂ ಬಾನೆಟ್ ಒಳಗಿರುತ್ತದೆ, ಯಾರಿಗೆ ಕಾಣಬೇಕು?

ಕೊನೆಗೆ ಉಳಿದದ್ದು ಮೀಟರುಗಳು. ಅಲ್ಲಿ ಡಾಕ್ಟರಿಗೆ ಮೈ ಉರಿಯುವಂಥದ್ದೊಂದು ಕಂಡಿತು. ಎಂಜಿನ್ ಬಿಸಿ ತೋರಿಸುವ ಮೀಟರಿನ ಗಾಜಿನ ಮೇಲೆ ಒಂದು ಕೆಂಪು ಚುಕ್ಕೆ, ಪೆಟ್ರೋಲ್ ಮೀಟರಿನ ಮೇಲೆ ಇನ್ನೊಂದು. ಹತ್ತಿರದಿಂದ ನೋಡಿದರೆ, ಉಗುರುಬಣ್ಣ!

“ನೋಡಿದ್ಯಾ?” ಎಂದರು ಹೆಂಡತಿಗೆ. “ಅಜ್ಜಿ ಸಿಗ್ನಲ್ಲಲ್ಲಿ ಕೂತು ಉಗುರಿಗೆ ಬಣ್ಣ ಹಚ್ಕೊಳ್ತಾ ಇದ್ರು ಅನ್ಸುತ್ತೆ. ಎಲ್ಲಾ ಕಡೆ ಚೆಲ್ಲಿದಾರೆ.”

ಹೆಂಡತಿ ಬಗ್ಗಿ ನೋಡಿದಳು. “ಚೆಲ್ಲಿದ್ರೆ ಇಷ್ಟು ಗುಂಡಗೆ ಬೀಳುತ್ತೇನ್ರೀ? ಅದೂ ಮೀಟರಿಗೊಂದೊಂದೇ? ಯಾಕೆ ಇಟ್ಟಿದಾರೆ ಅಂತ ಒಂದ್ಸಲ ಫೋನ್ ಮಾಡಿ ಕೇಳಿ.”

“ಕಲೆ ಯಾಕೆ ಬಂತು ಅಂತ ನಾನ್ಯಾವತ್ತೂ ಕೇಳಲ್ಲ. ತೆಗೀತೀನಿ,” ಎಂದರು ಡಾಕ್ಟರು ಹೆಮ್ಮೆಯಿಂದ. ಹತ್ತಿಯನ್ನು ಬಣ್ಣ ಕರಗಿಸುವ ಅಸಿಟೋನಿಗೆ ಅದ್ದಿ ಎರಡು ಸಲ ಉಜ್ಜಿದರು. ಗಾಜು ಹೊಳೆಯಿತು.

ಮೊದಲ ವಾರವೇ ಕಾರು ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಮುಗಿದು ನಿಂತಿತು. ಮೀಟರು ಮಾತ್ರ ಕಾಲು ಟ್ಯಾಂಕ್ ಇದೆ ಎನ್ನುತ್ತಿತ್ತು. ಹಳೇ ಗಾಡಿ, ಸ್ವಲ್ಪ ಸುಳ್ಳು ಹೇಳುತ್ತದೆ ಎಂದು ಡಾಕ್ಟರು ಕ್ಷಮಿಸಿಬಿಟ್ಟರು. ಪೆಟ್ರೋಲಿನ ಮುಳ್ಳು ಸುಳ್ಳು ಹೇಳಿದರೆ ಪಕ್ಕದ ಮುಳ್ಳೂ ಹೇಳಬಹುದು ಎಂಬುದು ಹೊಳೆಯಲಿಲ್ಲ. ಹೊಳೆಯುವುದೆಲ್ಲ ಬಂಪರಿನಲ್ಲೇ ಖರ್ಚಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ, ವಾರವಾರದಂತೆ, ಕ್ಲಬ್ಬಿನವರೆಲ್ಲ ಪೆಟ್ರೋಲ್ ಬಂಕಿನ ಮುಂದೆ ಸೇರಿ ಬೆಟ್ಟದ ತಿರುವಿನ ತನಕ ಹೋಗಿಬರುವ ಕಾರ್ಯಕ್ರಮ. ಡಾಕ್ಟರ ಕಾರು ಮದುಮಗಳಂತೆ ಬಂದು ನಿಂತಿತು. ಕ್ಲಬ್ಬಿನ ಅಧ್ಯಕ್ಷರಿಗೆ ಎಲ್ಲರೂ ‘ಹಾರ್ನ್’ ಎನ್ನುತ್ತಿದ್ದರು. ಅವರು ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುತ್ತಿತ್ತು.

“ಏನ್ರೀ ಡಾಕ್ಟ್ರೇ, ಹಲ್ಲು ಕಟ್ಟಿದ ಹಾಗೆ ಕಟ್ಟಿದೀರಲ್ರೀ ಗಾಡೀನ!” ಎಂದು ಹಾರ್ನ್ ಕೂಗಿದಾಗ ಡಾಕ್ಟರ ಎದೆ ಒಂದು ಅಂಗುಲ ಉಬ್ಬಿತು.

ಏರು ಶುರುವಾಯಿತು. ಅರ್ಧ ದಾರಿಗೆ ಏನೋ ಸಿಹಿಯಾದ ಸುಟ್ಟ ವಾಸನೆ ಬಂತು. ಡಾಕ್ಟರು ಮೀಟರ್ ನೋಡಿದರು. ಮುಳ್ಳು ಅರ್ಧವನ್ನು ಒಂದಿಷ್ಟು ದಾಟಿ ಸಂಭಾವಿತನಂತೆ ಕೂತಿತ್ತು. ಕೆಂಪು ಗೆರೆ ಇನ್ನೂ ಎಷ್ಟೋ ದೂರ. ಹಿಂದಿನವರು ದೀಪ ಮಿಟುಕಿಸಿದರು, ಕೈ ಬೀಸಿದರು. ಮೆಚ್ಚುಗೆ ಎಂದುಕೊಂಡು ಡಾಕ್ಟರೂ ಕೈ ಬೀಸಿದರು, ಇನ್ನಷ್ಟು ಒತ್ತಿದರು. ತಿರುವಿನ ಹತ್ತಿರ ಬಾನೆಟ್ಟಿನಿಂದ ಬಿಳಿ ಹಬೆ ಎದ್ದಿತು, ಒಳಗೇನೋ ಕೆಮ್ಮಿತು, ಕಾರು ಸತ್ತು ನಿಂತಿತು.

ಹನ್ನೊಂದು ಕಾರಿನ ಜನ ಸುತ್ತ ನೆರೆದರು. ಫೋಟೋ ತೆಗೆಸಿಕೊಳ್ಳಲು ಹಾಕಿಕೊಂಡಿದ್ದ ಡ್ರೈವಿಂಗ್ ಗ್ಲೌಸು ಡಾಕ್ಟರ ಕೈಯಲ್ಲಿ ಇನ್ನೂ ಇತ್ತು.

“ಏನಾಯ್ತ್ರೀ?” ಎಂದರು ಹಾರ್ನ್.

‘ಗೊತ್ತಿಲ್ಲ’ ಎಂಬ ಪದಕ್ಕೆ ಮೂರೇ ಅಕ್ಷರ. ಅದನ್ನು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತೆರಡು ಹಲ್ಲು ಕಾವಲಿದ್ದರೂ ನಾಲಿಗೆ ತಪ್ಪಿಸಿಕೊಂಡಿತು.

“ಏನಾಗೋದು? ಮೋಸ ಹೋದೆ. ಆ ಅಮ್ಮನಿಗೆ ಎಂಜಿನ್ ಕೆಟ್ಟಿರೋದು ಗೊತ್ತಿತ್ತು. ಮುಚ್ಚಿಟ್ಟು ಮಾರಿದಾರೆ. ಇಪ್ಪತ್ತೆಂಟು ವರ್ಷ ಗಾಡಿ ನೋಡ್ಕೊಂಡ್ರು ಅಂತೀರಲ್ಲ, ಅವರು ನೋಡ್ಕೊಂಡಿದ್ದು ಉಗುರು! ಮೀಟರ್ ಮೇಲೆಲ್ಲಾ ಉಗುರುಬಣ್ಣ ಚೆಲ್ಲಿಟ್ಟಿದ್ರು, ಒರೆಸಿ ಒರೆಸಿ ಸಾಕಾಯ್ತು.”

ಜನ ನಕ್ಕರು. ನಗು ಎದ್ದಿದ್ದರಿಂದ ಅದು ನಿಜವೇ ಇರಬೇಕೆಂದು ಡಾಕ್ಟರಿಗೂ ಅನ್ನಿಸಿತು. ಮನೆಗೆ ಬಂದು ಅದೇ ಮಾತನ್ನು ಕ್ಲಬ್ಬಿನ ಫೋನ್ ಗ್ರೂಪಿಗೆ ಉದ್ದಕ್ಕೆ ಬರೆದು ಹಾಕಿದರು. ಜೊತೆಗೆ ಚುಕ್ಕೆ ಕಾಣುವ ಆ ‘ಮುಂಚಿನ’ ಫೋಟೋವನ್ನೂ ಕತ್ತರಿಸಿ ಅಂಟಿಸಿದರು. ಸಿಸ್ಟರ್ ಅದೇ ಗ್ರೂಪಿನಲ್ಲಿದ್ದರು. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ಹಾರ್ನ್ ಬರೆದರು: ಈ ವರ್ಷ ಕರ್ಚೀಫನ್ನು ಬೇರೆ ಯಾರಾದರೂ ಬೀಸಲಿ, ಹೆಸರಿಗೆ ಕಳಂಕ ಬಂದವರು ಬೇಡ. ಅದಕ್ಕೆ ಏಳು ಜನ ಹೆಬ್ಬೆರಳು ಎತ್ತಿದರು. ಎಂಟನೆಯ ಹೆಬ್ಬೆರಳು ಡಾಕ್ಟರದು.

*

ಎಂಜಿನ್ ಬಿಚ್ಚಲು ಬಂದವರು ಊರಿನ ಹಳೇ ಮೇಸ್ತ್ರಿ. ಅವರು ಮಾತಿನಲ್ಲಿ ಜಿಪುಣ. ಮೂರು ದಿನ ಬಿಚ್ಚಿ, ನಾಲ್ಕನೇ ದಿನ ಡಾಕ್ಟರನ್ನು ಶೆಡ್ಡಿಗೆ ಕರೆದರು. ಎಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಕಿತ್ತು ಬೆಂಚಿನ ಮೇಲಿಟ್ಟಿದ್ದರು.

“ಬಗ್ಗಿದೆ. ಗ್ಯಾಸ್ಕೆಟ್ ಸುಟ್ಟಿದೆ. ಕುದಿಯೋ ತನಕ ಓಡಿಸಿದೀರಿ.”

“ಮೊದಲೇ ಕೆಟ್ಟಿತ್ತಲ್ಲ, ಅವರು ಮುಚ್ಚಿಟ್ಟು...”

“ಉಹುಂ. ಎರಡು ವರ್ಷದ ಹಿಂದೆ ನಾನೇ ಮಾಡಿದ್ದು. ಗಟ್ಟಿ ಇತ್ತು.” ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಒಳಗೆ ಬಗ್ಗಿ ಮೀಟರು ನೋಡಿದರು. ಗಾಜಿನ ಮೇಲೆ ಬೆರಳಾಡಿಸಿದರು. “ಚುಕ್ಕೆ ಎಲ್ಲಿ?”

“ಯಾವ ಚುಕ್ಕೆ?” ಎಂದರು ಡಾಕ್ಟರು.

ಆವತ್ತು ಮೇಸ್ತ್ರಿ ಇಡೀ ವರ್ಷದ ಮಾತು ಆಡಿದರು. ಈ ಕಾರಿನ ಮೂಲ ಮೀಟರು ಕೆಟ್ಟು ಎಷ್ಟೋ ಕಾಲವಾಯಿತು, ಅಂಥದ್ದು ಎಲ್ಲೂ ಸಿಗಲಿಲ್ಲ, ಬೇರೆ ಗಾಡಿಯದು ಹಾಕಿದರು. ಅದು ಈ ಎಂಜಿನ್ನಿಗೆ ಹೊಂದದು, ಬಿಸಿಯನ್ನು ಕಡಿಮೆ ಮಾಡಿ ತೋರಿಸುತ್ತದೆ. ಆಗ ಸಿಸ್ಟರ್ ಒಂದು ಪಾತ್ರೆ, ಸ್ಟೌವು, ಥರ್ಮಾಮೀಟರ್ ತಂದರು. ಮೀಟರಿಗೆ ಬಿಸಿ ತಿಳಿಸುವ ಸೆನ್ಸರನ್ನು ನೀರಿಗೆ ಇಳಿಬಿಟ್ಟು ಕಾಯಿಸಿದರು. ನೀರು ಕುದಿಯಲು ಸ್ವಲ್ಪ ಬಾಕಿಯಿದ್ದಾಗ ಮುಳ್ಳು ಎಲ್ಲಿತ್ತೋ ಅಲ್ಲಿ ಬ್ಯಾಗಿನಿಂದ ಉಗುರುಬಣ್ಣ ತೆಗೆದು ಚುಕ್ಕೆ ಇಟ್ಟರು. ಪೆಟ್ರೋಲಿಗೂ ಹಾಗೇ, ಖಾಲಿ ಟ್ಯಾಂಕಿಗೆ ಲೀಟರ್ ಲೀಟರ್ ಸುರಿದು ನೋಡಿ.

“ಮುಳ್ಳು ಚುಕ್ಕೆ ಮುಟ್ಟಿದ್ರೆ ನಿಲ್ಸೋದು, ಕಾಲು ಗಂಟೆ ತಣಿಸೋದು, ಹೋಗೋದು. ಅಷ್ಟೇ. ಹೇಳಿರ್ಬೇಕಲ್ಲ ನಿಮಗೆ?”

“ಹೇಳ್ಲಿಲ್ಲ,” ಎಂದರು ಡಾಕ್ಟರು ಥಟ್ಟನೆ. ಮತ್ತೆ ನಾಲಿಗೆ.

ಮೇಸ್ತ್ರಿ ಅವರನ್ನು ಒಂದು ಸಲ ನೋಡಿ, “ಉಹುಂ,” ಎಂದು ಕೆಲಸಕ್ಕೆ ತಿರುಗಿದರು. ಆ ‘ಉಹುಂ’ ಕೇಳಿ ಡಾಕ್ಟರಿಗೆ ನರ ತೆರೆದಿಟ್ಟ ಹಲ್ಲಿಗೆ ತಣ್ಣೀರು ಬಿದ್ದಂತಾಯಿತು.

ಮನುಷ್ಯ ಇಲ್ಲಿಯಾದರೂ ಸಿಸ್ಟರ್ ಮನೆಗೆ ಓಡಬೇಕಿತ್ತು. ಡಾಕ್ಟರು ಓಡಿದ್ದು ಅಂಗಡಿಗೆ. ಒಂದು ಶೀಶೆ ಕೆಂಪು ಉಗುರುಬಣ್ಣ ಕೊಂಡರು. ಅಂಗಡಿಯವಳು “ಯಾವ ಕೆಂಪು ಸಾರ್?” ಎಂದು ಹನ್ನೆರಡು ಕೆಂಪು ಹರಡಿದಾಗ, ಹದಿಮೂರನೆಯ ಕೆಂಪು ಅವರ ಮುಖದಲ್ಲೇ ಇತ್ತು. ಚುಕ್ಕೆಯನ್ನು ಇದ್ದಲ್ಲೇ ಇಟ್ಟುಬಿಟ್ಟರೆ ಒರೆಸಿದ್ದೇ ಇಲ್ಲ ಎಂದಾಗುತ್ತದೆ, ಮೇಸ್ತ್ರಿ ಹೇಗೂ ಮಾತಾಡುವ ಗಿರಾಕಿಯಲ್ಲ. ಕಾರಿನೊಳಗೆ ಕೂತು ಬ್ರಷ್ ಎತ್ತಿದರು. ಎಲ್ಲಿತ್ತು? ಅರ್ಧದಿಂದ ಎರಡು ಗೆರೆಯಾ, ಮೂರಾ? ದಿನಕ್ಕೆ ಇಪ್ಪತ್ತು ಬಾಯಿ ನೋಡಿ ಮೂಲೆ ಹಲ್ಲಿನ ಚುಕ್ಕೆ ಹಿಡಿಯುವ ಕಣ್ಣು ಇದನ್ನು ನೋಡಿದ್ದು ಒರೆಸಲಿಕ್ಕೆ ಮಾತ್ರ. ಅಂದಾಜಿನಲ್ಲಿ ಒಂದಿಟ್ಟರು, ಅಳಿಸಿದರು, ಪಕ್ಕದಲ್ಲಿ ಇನ್ನೊಂದಿಟ್ಟರು. ಗಾಜು ರಕ್ತ ಬಂದ ಒಸಡಿನಂತಾಯಿತು.

“ಏನ್ರೀ ಇದು, ನಿಮ್ಮ ಉಗುರಿಗೆ ಬಣ್ಣ?” ಶೆಡ್ಡಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಡಾಕ್ಟರು ಕೈ ಬೆನ್ನ ಹಿಂದೆ ಬಚ್ಚಿಟ್ಟರು. ಎರಡೇ ಸೀಟಿನ ಕಾರಿನಲ್ಲಿ ಬಚ್ಚಿಡಲು ಜಾಗ ಎಲ್ಲಿದೆ? ಹೊಸ ತೊಗಲಿಗೂ ಬಣ್ಣ ಮೆತ್ತಿತು.

ಎಲ್ಲ ಕೇಳಿದ ಮೇಲೆ ಹೆಂಡತಿ ನಗಲಿಲ್ಲ. ಡಾಕ್ಟರಿಗೆ ಹೆದರಿಕೆಯಾದದ್ದು ಅದಕ್ಕೇ.

“ಮುಂಚಿನ ಫೋಟೋ ಇದೆಯಲ್ಲ, ಅದ್ರಲ್ಲಿ ನೋಡಿ,” ಎಂದಳು. “ಕತ್ತರಿಸಿದ್ದಲ್ಲ. ಪೂರ್ತಿದು.”

ಡಾಕ್ಟರು ಫೋನು ತೆಗೆದರು. ಪೂರ್ತಿ ಫೋಟೋ ತೆರೆಯಿತು. ನಡುವೆ ಮೀಟರು, ಅದರ ಮೇಲೆ ಚುಕ್ಕೆ. ಚುಕ್ಕೆಯ ಪಕ್ಕದಲ್ಲಿ ಒಂದು ಬೆರಳು. ಕಿಟಕಿಯಿಂದ ತೂರಿ ಬಂದ ಸಿಸ್ಟರ್ ಕೈ, ತೋರುಬೆರಳು ಸರಿಯಾಗಿ ಚುಕ್ಕೆಯನ್ನೇ ತೋರಿಸುತ್ತಿದೆ. ಮೇಲೆ ಅವರ ಮುಖ, ಮಾತಿನ ನಡುವೆ ಅರ್ಧ ತೆರೆದ ಬಾಯಿ. ಗ್ರೂಪಿಗೆ ಹಾಕುವಾಗ ಡಾಕ್ಟರು ಕತ್ತರಿಸಿ ತೆಗೆದದ್ದು ಇದನ್ನೇ.

ಹೆಂಡತಿ ಎರಡು ಬೆರಳಲ್ಲಿ ಹಿಗ್ಗಿಸಿದಳು. ಉಗುರು ದೊಡ್ಡದಾಯಿತು. ಬುಡಮಟ್ಟ ಕತ್ತರಿಸಿದ, ಬೋಳು ಉಗುರು. ಅದರ ಮೇಲೆ ಯಾವ ಬಣ್ಣವೂ ಇರಲಿಲ್ಲ.

“ನಾಳೆ ಬೆಳಿಗ್ಗೆ ಹೋಗ್ತೀರಿ,” ಎಂದಳು ಹೆಂಡತಿ. ಪ್ರಶ್ನೆಯಲ್ಲ.

*

ಸಿಸ್ಟರ್ ಮನೆಯ ಹಿತ್ತಲಲ್ಲಿ ಒಗೆದ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದರು. ಡಾಕ್ಟರನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒದ್ದೆ ಬಟ್ಟೆಯ ಒಂದು ತುದಿ ಕೈಗಿಟ್ಟರು. ಡಾಕ್ಟರ ಎರಡೂ ಕೈ ತುಂಬಿದ ಮೇಲೆ ನಾಲ್ಕು ಕ್ಲಿಪ್ಪುಗಳನ್ನು ಅವರ ಬಾಯಿಗೆ ಹಿಡಿದರು.

“ಕಚ್ಕೊಳ್ಳಿ.”

ಡಾಕ್ಟರು ಕಚ್ಚಿಕೊಂಡರು. ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಕ್ಷಮಾಪಣೆ ಕ್ಲಿಪ್ಪಿನ ಹಿಂದೆಯೇ ಸಿಕ್ಕಿಕೊಂಡಿತು.

“ಚುಕ್ಕೆ ಒರೆಸಿದ್ರಿ. ಮೇಸ್ತ್ರಿ ಹೇಳಿದ,” ಎಂದರು ಸಿಸ್ಟರ್ ಬಟ್ಟೆ ಕೊಡವುತ್ತ. “ಅದಿರ್ಲಿ. ಗೊತ್ತಿಲ್ದೆ ಒರೆಸಿದ್ರಿ. ವಾರ್ಡಲ್ಲಿ ಇದಕ್ಕಿಂತ ದೊಡ್ಡ ತಪ್ಪು ಡಾಕ್ಟರುಗಳು ಮಾಡಿದ್ದು ನೋಡಿದೀನಿ.”

“ಆಂ... ಊಂ...” ಎಂದರು ಡಾಕ್ಟರು.

“ಮೋಸಗಾತಿ ಅಂದ್ರಿ. ಅದೂ ಇರ್ಲಿ. ಮೂವತ್ತೆರಡು ವರ್ಷ ಕೆಲಸ ಮಾಡಿದೀನಿ ಡಾಕ್ಟ್ರೇ, ಒಂದು ದಿನಾನೂ ಉಗುರಿಗೆ ಬಣ್ಣ ಹಚ್ಚಿಲ್ಲ. ವಾರ್ಡಲ್ಲಿ ಹಚ್ಚೋ ಹಾಗಿರ್ಲಿಲ್ಲ. ರಿಟೈರ್ ಆದ್ಮೇಲೆ ಆಸೆಯಾಗಿ ಒಂದ್ಸಲ ಹಚ್ಕೊಂಡೆ, ಯಾರದೋ ಕೈ ಅನ್ನಿಸ್ತು, ಅಳಿಸಿಬಿಟ್ಟೆ. ಬ್ಯಾಗಲ್ಲಿದ್ದ ಶೀಶೆ ವಾರ್ಡಲ್ಲಿದ್ದಾಗಿಂದ ಔಷಧಿ ಬಾಟ್ಲಿಗೆ ಅಂತ ಇಟ್ಕೊಂಡಿದ್ದು. ಓದೋಕೆ ಬಾರ್ದೋರು, ಕಣ್ಣು ಮಂಜಾದೋರು ಮನೆಗೆ ಹೋಗ್ವಾಗ ಒಂದು ಕೆಂಪು ಗೆರೆ ಎಳೆದು ಕೊಡ್ತಿದ್ದೆ. ಒಂದ್ಸಲಕ್ಕೆ ಇಲ್ಲೀತನಕ ಕುಡೀರಿ, ಮೇಲೆ ಬೇಡ ಅಂತ. ಆ ಗೆರೆ ನೋಡ್ಕೊಂಡು ಬದುಕಿದೋರು ಇದಾರೆ. ಅದನ್ನ ಹೇಳಿ ನಗಿಸಿದ್ರಲ್ಲ...” ಸಿಸ್ಟರ್ ಬಟ್ಟೆಯನ್ನು ತಂತಿಯ ಮೇಲೆಳೆದರು. ಡಾಕ್ಟರ ಬಾಯಿಂದ ಒಂದೊಂದಾಗಿ ಕ್ಲಿಪ್ಪು ತೆಗೆದು ತಂತಿಗೆ ಸಿಕ್ಕಿಸಿದರು. ನಾಲ್ಕನೆಯದನ್ನು ತೆಗೆಯುವ ಹೊತ್ತಿಗೆ ಡಾಕ್ಟರ ಕಣ್ಣು ತುಂಬಿತ್ತು.

“ಸಿಸ್ಟರ್, ನಂದು ತಪ್ಪಾಯ್ತು. ನಾನು...”

“ಇಲ್ಲಿ ಹೇಳಿದ್ರೆ ಈ ಬಟ್ಟೆ ಕೇಳಿಸ್ಕೊಳ್ಳುತ್ತೆ, ಅಷ್ಟೇ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ.” ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಡಾಕ್ಟರು ಪೆಟ್ರೋಲ್ ಬಂಕಿಗೆ ಬಂದದ್ದು ಹೆಂಡತಿಯ ಸ್ಕೂಟರಿನ ಹಿಂದೆ ಕೂತು. ಕಾರುಗಳ ಸಾಲಿನ ಮುಂದೆ ಇಳಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಬಣ್ಣ ಕೆಡಿಸಿಕೊಳ್ಳಲೆಂದೇ ಬಾಯಿ ಬಿಡಬೇಕಾದವನ ಪಾಡು ಗಾದೆ ಮಾಡಿದವರಿಗೂ ಗೊತ್ತಿರಲಿಲ್ಲ. ತೊದಲಿದರು. ಮೀಟರಿನ ಕತೆ ಹೇಳಿದರು, ಪಾತ್ರೆಯ ಕತೆ ಹೇಳಿದರು. ಅರ್ಧಕ್ಕೇ ಹಾರ್ನ್, “ಹೋಗ್ಲಿ ಬಿಡ್ರೀ, ಗೊತ್ತಾಗ್ದೆ ಆಗಿದ್ದು,” ಎಂದು ದಾರಿ ತೋರಿಸಿದರು. ಡಾಕ್ಟರಿಗೆ ಆ ದಾರಿಯಲ್ಲಿ ನುಸುಳಿಹೋಗುವ ಆಸೆ ಬಹಳವಾಯಿತು. ಸ್ಕೂಟರಿನ ಮೇಲಿದ್ದ ಹೆಂಡತಿ ಗಂಟಲು ಸರಿಮಾಡಿಕೊಂಡಳು.

“ಗೊತ್ತಾಗ್ದೆ ಅಲ್ಲ,” ಎಂದರು ಡಾಕ್ಟರು. “ಅವರು ಹೇಳ್ತಾ ಇದ್ರು. ನಾನು ಕೇಳಿಸ್ಕೊಳ್ಳಲಿಲ್ಲ. ಆಮೇಲೆ ಸುಳ್ಳು ಹೇಳಿದೆ. ನೀವು ನಕ್ಕಿದ್ರಿ ಅಂತ ಇನ್ನೂ ಸ್ವಲ್ಪ ಹೇಳಿದೆ.” ಫೋನು ತೆಗೆದು ಪೂರ್ತಿ ಫೋಟೋವನ್ನು ಎಲ್ಲರ ಮುಂದೆಯೇ ಗ್ರೂಪಿಗೆ ಹಾಕಿದರು. ಹನ್ನೊಂದು ಜೇಬಿನಲ್ಲಿ ಫೋನು ಟಿಣ್ ಎಂದಿತು. ಹನ್ನೊಂದು ತಲೆ ಬಗ್ಗಿತು. ಆ ಬೋಳು ಉಗುರನ್ನು ನೋಡಿದ ಮೇಲೆ ಹಾರ್ನಿಗೂ ಸದ್ದಿರಲಿಲ್ಲ. ಹೆಬ್ಬೆರಳು ಎತ್ತಿದ ಏಳೂ ಮಂದಿ ಕೈಯನ್ನು ಜೇಬಿಗೆ ಸೇರಿಸಿದರು.

ಕರ್ಚೀಫನ್ನು ನೀವೇ ಬೀಸಬೇಕೆಂದು ಕ್ಲಬ್ಬಿನವರು ಸಿಸ್ಟರ್ ಮನೆಗೆ ಹೋಗಿ ಕೇಳಿಕೊಂಡರು. ಸಿಸ್ಟರ್ ಒಳ್ಳೆಯ ಮಾತಿನಲ್ಲೇ ಒಲ್ಲೆ ಎಂದರು. ಆ ವರ್ಷ ಕಾರುಗಳು ಹಾಗೇ ಹೊರಟವು.

ಆದರೆ ಹೆಡ್ಡು ಸರಿಯಾದ ದಿನ ಸಿಸ್ಟರ್ ಮೇಸ್ತ್ರಿಯ ಜೊತೆ ಶೆಡ್ಡಿಗೆ ಬಂದರು. “ಗಾಡಿ ಏನೂ ತಪ್ಪು ಮಾಡಿಲ್ಲ,” ಎಂದರು ಯಾರನ್ನೂ ನೋಡದೆ. ಸ್ಟೌ ಹಚ್ಚಿದರು, ಪಾತ್ರೆ ಇಟ್ಟರು. ಡಾಕ್ಟರು ಒಂದು ಸ್ಟೂಲಿನ ಮೇಲೆ ಅರ್ಧ ಗಂಟೆ ತುಟಿ ಬಿಚ್ಚದೆ ಕೂತು ಕಾರಿನ ಗುಣವನ್ನೆಲ್ಲ ಕೇಳಿಸಿಕೊಂಡರು. ಎರಡು ಚುಕ್ಕೆ ಬಿದ್ದವು. ಗುಂಡಗೆ.

ಈಗ ಡಾಕ್ಟರ ಕಾರು ಪ್ರತಿ ಭಾನುವಾರ ಬೆಟ್ಟ ಹತ್ತುತ್ತದೆ. ಸರಿಯಾಗಿ ಅದೇ ತಿರುವಿಗೆ ಮುಳ್ಳು ಚುಕ್ಕೆ ಮುಟ್ಟುತ್ತದೆ. ಡಾಕ್ಟರು ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಕಾಲು ಗಂಟೆ ನಿಲ್ಲುತ್ತಾರೆ. ಹಾದುಹೋಗುವವರು ಬಿಡುತ್ತಾರೆಯೇ? “ಏನ್ ಸಾರ್, ಇಷ್ಟ್ ಚೆನ್ನಾಗಿರೋ ಗಾಡಿ ಕೆಟ್ಟೋಯ್ತಾ?” ಕೆಟ್ಟಿಲ್ಲ ಎಂದರೆ ಮತ್ತೇಕೆ ನಿಂತಿದ್ದೀರಿ ಎನ್ನುತ್ತಾರೆ. ಚುಕ್ಕೆ ಎಂದರೆ ಯಾವ ಚುಕ್ಕೆ ಎನ್ನುತ್ತಾರೆ. ಹೀಗೆ ವಾರಕ್ಕೆ ಇಬ್ಬರು ಮೂವರಿಗಾದರೂ ಮೊದಲಿಂದ ಹೇಳಬೇಕಾಗುತ್ತದೆ, ಹೇಳುವಾಗೆಲ್ಲ ಕಿವಿ ಬಿಸಿಯಾಗುತ್ತದೆ.

ಮೊನ್ನೆ ಹಾಗೆ ನಿಂತಿದ್ದಾಗ ಬೆಟ್ಟದ ಬಸ್ಸು ಬಂತು. ಕಿಟಕಿಯ ಪಕ್ಕ ಸಿಸ್ಟರ್ ಕೂತಿದ್ದರು. ಎಂಜಿನ್ ಆಗಲೇ ತಣಿದಿರಬೇಕು ಎಂದುಕೊಂಡು ಡಾಕ್ಟರು ಬಾನೆಟ್ ಮುಚ್ಚಲು ಕೈ ಎತ್ತಿದ್ದರು. ಸಿಸ್ಟರ್ ಕಾರು ನೋಡಿದರು, ಇನ್ನೂ ಏಳುತ್ತಿದ್ದ ತೆಳು ಹಬೆ ನೋಡಿದರು. ನಗಲಿಲ್ಲ, ಕೈ ಬೀಸಲಿಲ್ಲ. ಬೋಳು ಉಗುರಿನ ಒಂದು ಬೆರಳು ಮಾತ್ರ ಕಿಟಕಿಯ ಆಚೆ ಎದ್ದಿತು: ಇನ್ನೂ ಸ್ವಲ್ಪ.

ಡಾಕ್ಟರು ಕೈ ಇಳಿಸಿ ನಿಂತರು.